ಕಪ್ಪು ಬಣ್ಣವಿಲ್ಲದೆ ಬರೆದ ಬದನೆಕಾಯಿ

ಫ್ರೆಂಚ್ ಚಿತ್ರಕಾರ ರೆನ್ವಾರ್ 1881ರಲ್ಲಿ ಬರೆದ 'ದಕ್ಷಿಣದ ಹಣ್ಣುಗಳು' ಎಂಬ ತೈಲಚಿತ್ರ ಈಗ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಹೆಸರಿನಲ್ಲಿ ಹಣ್ಣುಗಳೆಂದಿದ್ದರೂ, ನೀಲಿ ಚಿತ್ತಾರದ ಪಿಂಗಾಣಿ ತಟ್ಟೆಯಲ್ಲಿಯೂ ಅದರ ಕೆಳಗಿನ ಬಿಳಿ ಬಟ್ಟೆಯ ಮೇಲೆಯೂ ಬದನೆಕಾಯಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ, ದಾಳಿಂಬೆಗಳೇ ಎದ್ದು ಕಾಣುತ್ತವೆ. ನಮ್ಮ ಸಂತೆಯ ಚೀಲವನ್ನು ಸುರುವಿದರೂ ಇವೇ ಉರುಳುತ್ತವೆಯಾದ್ದರಿಂದ ಅಭ್ಯಾಸಕ್ಕೆ ಈ ಚಿತ್ರವನ್ನೇ ಆರಿಸಿಕೊಂಡೆ. ಮುದ್ರಿತ ಪ್ರತಿಯನ್ನು ಗೋಡೆಗೆ ಅಂಟಿಸಿಕೊಂಡೆನಾದರೂ ಅದನ್ನು ನಕಲು ಮಾಡಲಿಲ್ಲ. ಅಂಥವೇ ವಸ್ತುಗಳನ್ನು ಅಡುಗೆಮನೆಯ ಕಿಟಕಿಯ ಬಳಿ ಜೋಡಿಸಿ, ನೋಡಿ ಬರೆದೆ.

ಮೊದಲ ದಿನವೇ ಬದನೆಕಾಯಿ ಸೋಲಿಸಿತು. ಟ್ಯೂಬಿನ ಕಪ್ಪನ್ನು ನೇರವಾಗಿ ಹಚ್ಚಿದ್ದರಿಂದ, ಅದು ತಟ್ಟೆಯ ಮೇಲೆ ಕುಳಿತ ಕಾಯಿಯಂತಿರದೆ ಕ್ಯಾನ್ವಾಸಿನಲ್ಲಿ ಬಿದ್ದ ತೂತಿನಂತೆ ಕಂಡಿತು. ಚಾಕುವಿನಿಂದ ಕೆರೆದು ತೆಗೆದು, ಅಲ್ಟ್ರಮರೀನ್ ನೀಲಿಗೆ ಅಲಿಜರಿನ್ ಕೆಂಪು ಸೇರಿಸಿ ಕಡುನೇರಳೆಯನ್ನು ಕಲಸಿಕೊಂಡೆ. ಟೊಮೆಟೊಗೆ ತಾಗಿದ ಬದಿಯಲ್ಲಿ ಆ ನೇರಳೆಯೊಳಗೆ ಮಂದವಾದ ಕೆಂಪು ಹೊಳಪಿತ್ತು, ಕಿಟಕಿಯ ಕಡೆಯ ಬೆನ್ನಿನಲ್ಲಿ ಆಕಾಶದ ತಿಳಿನೀಲಿ ಒಂದು ಗೀಟಿನಷ್ಟು ಮಿಂಚುತ್ತಿತ್ತು. ಈ ಎರಡನ್ನೂ ಇಟ್ಟ ಮೇಲೆಯೇ ಕಾಯಿಗೆ ದುಂಡಗಿನ ಮೈ ಬಂದಿತು.

ಬಟ್ಟೆಯ ನೆರಳಿನದು ಬೇರೆಯೇ ಪಾಡು. ಬಿಳಿಗೆ ಬೂದು ಬೆರೆಸುವುದು ನನ್ನ ಹಳೆಯ ಚಾಳಿ, ಅದರಿಂದ ಬಟ್ಟೆ ಒಗೆಯದೆ ಬಿಟ್ಟಂತೆ ಕಾಣುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸಿ ತೋರಿಸುತ್ತವೆ ಎಂಬುದನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಷೆವ್ರಲ್ 1839ರಷ್ಟು ಹಿಂದೆಯೇ ವಿವರಿಸಿದ್ದ. ನನಗೆ ಅದು ಮನದಟ್ಟಾದದ್ದು ನಿಂಬೆಹಣ್ಣಿನ ಬುಡದಲ್ಲಿ. ಹಳದಿಯ ಪಕ್ಕದ ನೆರಳು ನಸುನೇರಳೆಯಾಗಿ ಕಾಣುತ್ತಿದ್ದುದನ್ನು ನೋಡಿ, ಬೂದನ್ನು ಕೈಬಿಟ್ಟು, ಬಿಳಿಯಲ್ಲಿ ಕೋಬಾಲ್ಟ್ ನೀಲಿಯನ್ನೂ ಚೂರು ಕೆಂಪನ್ನೂ ಬೆರೆಸಿ ಹಚ್ಚಿದೆ.

ತಟ್ಟೆಯ ವಿಷಯದಲ್ಲಿ ನನ್ನ ಶ್ರದ್ಧೆಯೇ ಅಡ್ಡ ಬಂದಿತು. ಅಂಚಿನ ಹೂಬಳ್ಳಿಯನ್ನು ಸಣ್ಣ ಕುಂಚದಿಂದ ಎಲೆ ಎಲೆಯಾಗಿ ಬಿಡಿಸಿದಾಗ ಬಳ್ಳಿ ಮಾತ್ರ ಕಂಡು, ತಟ್ಟೆ ಮರೆಯಾಯಿತು. ಒರೆಸಿ, ಚಪ್ಪಟೆ ಕುಂಚದಿಂದ ಎಂಟೊಂಬತ್ತು ತುಂಡು ಗೀಟುಗಳನ್ನು ಎಳೆದು, ಬೆಳಕು ಬಿದ್ದ ಕಡೆ ನೀಲಿಯನ್ನು ಪೂರ್ತಿ ಬಿಟ್ಟುಬಿಟ್ಟೆ. ಹತ್ತಿರದಿಂದ ನೋಡಿದರೆ ಅವಕ್ಕೆ ಅರ್ಥವೇ ಇಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಚಿತ್ತಾರವಾಗುತ್ತವೆ.

ಮೂರನೆಯ ಬೆಳಿಗ್ಗೆ ಟೊಮೆಟೊ ಮೆತ್ತಗಾಗಿ ಒಂದು ಬದಿಗೆ ಕುಸಿದಿತ್ತು. ಹೊಸದನ್ನು ತಂದಿಟ್ಟರೆ ಅದರ ಕೆಂಪು ಬೇರೆ, ಬದನೆಯ ಮೇಲೆ ಬೀಳುವ ಹೊಳಪೂ ಬೇರೆ. ಆದ್ದರಿಂದ ಕುಸಿದದ್ದನ್ನೇ ಅದರ ಸುಕ್ಕಿನೊಂದಿಗೆ ಬರೆದು ಮುಗಿಸಿದೆ.