ಹೆಡರ್ ಮಾಡಿಸುವ ಮುಂಚೆ ಕ್ಯಾಲ್ಕುಲೇಟರ್ ಹಿಡಿಯಿರಿ

ರ‍್ಯಾಲಿಗೆ ಗಾಡಿ ತಯಾರು ಮಾಡುವ ಹುಡುಗರು ಹೆಡರ್‌ಗೆ, ಅಂದರೆ ಸಿಲಿಂಡರುಗಳಿಂದ ಸುಟ್ಟ ಅನಿಲವನ್ನು ಹೊರಗೊಯ್ದು ಒಂದೆಡೆ ಸೇರಿಸುವ ಪೈಪುಗಳ ಗೊಂಚಲಿಗೆ, ಕೈಹಾಕಿದಾಗ ಮೊದಲು ಕೇಳುವುದು ‘ಎಷ್ಟು ದಪ್ಪದ ಪೈಪ್ ಹಾಕಿಸೋಣ?’ ಅಂತ. ದಪ್ಪ ಜಾಸ್ತಿಯಾದಷ್ಟೂ ಪವರ್ ಜಾಸ್ತಿ ಅನ್ನುವ ನಂಬಿಕೆ. ಹಾಗೆ ಮಾಡಿಸಿದ ಗಾಡಿ ಸದ್ದೇನೋ ಜೋರಾಗಿ ಮಾಡುತ್ತದೆ, ಏರಿನಲ್ಲಿ ಮಾತ್ರ ಎಳೆಯುವುದಿಲ್ಲ.

ಸುಟ್ಟ ಅನಿಲ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಪೈಪಿನೊಳಗೆ ಒತ್ತಡದ ಅಲೆಯೊಂದು ಹೊರಡುತ್ತದೆ. ಬಿಸಿ ಅನಿಲದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500–600 ಮೀಟರ್. ಪೈಪುಗಳೆಲ್ಲ ಸೇರುವ ಕಲೆಕ್ಟರ್‌ನಲ್ಲಿ ಜಾಗ ಒಮ್ಮೆಲೇ ಅಗಲವಾಗುತ್ತದಲ್ಲ, ಅಲ್ಲಿಂದ ಅಲೆ ವಾಪಸ್ ತಿರುಗುತ್ತದೆ. ಆದರೆ ಹೋಗುವಾಗ ತಳ್ಳುತ್ತಿದ್ದದ್ದು ಬರುವಾಗ ಎಳೆಯುತ್ತದೆ! ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದಿರುವ ಹೊತ್ತಿಗೆ ಅದು ಬಂದು ಮುಟ್ಟಿದರೆ, ಉಳಿದ ಸುಟ್ಟ ಅನಿಲ ಹೊರಬಂದು ಅದರ ಬೆನ್ನಿಗೇ ಹೊಸ ಗಾಳಿ ಒಳನುಗ್ಗುತ್ತದೆ. ಅಲೆ ಬರುವ ಹೊತ್ತನ್ನು ನಿರ್ಧರಿಸುವುದು ಪೈಪಿನ ಉದ್ದ. ಇನ್ನು ದಪ್ಪ ವಿಪರೀತವಾದರೆ ಅನಿಲದ ಓಟವೇ ನಿಧಾನವಾಗಿ ಕೆಳಗಿನ ಆರ್‌ಪಿಎಂನ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಪಿಕಪ್ ಸಾಯುತ್ತದೆ.

ಹಾಗಾಗಿ ಮೊದಲು ಆರ್‌ಪಿಎಂ ತೀರ್ಮಾನ ಮಾಡಿ. ಯಾವ ವೇಗದಲ್ಲಿ ಇಂಜಿನ್ ನಿಮಗೆ ಚೆನ್ನಾಗಿ ಎಳೆಯಬೇಕು? ಒಂದೇ ಹೆಡರ್ 3000ಕ್ಕೂ 7500ಕ್ಕೂ ಒಗ್ಗುವುದಿಲ್ಲ.

ಆಮೇಲೆ ಉದ್ದದ ಲೆಕ್ಕ. ನಮ್ಮ ರ‍್ಯಾಲಿಗಳಲ್ಲಿ ವರ್ಷಾನುಗಟ್ಟಲೆ ಓಡಿದ ಮಾರುತಿ ಜಿಪ್ಸಿಯ 1298 ಸಿಸಿ ಇಂಜಿನ್ ತೆಗೆದುಕೊಳ್ಳೋಣ. ಪಿಸ್ಟನ್ ಪೂರ್ತಿ ಕೆಳಗೆ ಬರುವುದಕ್ಕೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಸುತ್ತುವ ಲೆಕ್ಕದಲ್ಲಿ 60 ಡಿಗ್ರಿ ಮುಂಚೆ ಎಕ್ಸಾಸ್ಟ್ ವಾಲ್ವ್ ತೆರೆಯುವ ಕ್ಯಾಮ್ ಹಾಕಿದ್ದೀರಿ ಅಂದುಕೊಳ್ಳಿ. 180ಕ್ಕೆ 60 ಸೇರಿಸಿ: 240. ಅದನ್ನು 850ರಿಂದ ಗುಣಿಸಿ, ಆರ್‌ಪಿಎಂನಿಂದ (6500) ಭಾಗಿಸಿ, 3 ಕಳೆಯಿರಿ. ಸುಮಾರು 28.4 ಇಂಚು, ಅಂದರೆ 72 ಸೆಂ.ಮೀ. ಇದು ಹಳೆಯ ಟ್ಯೂನರ್‌ಗಳ ಸೂತ್ರ; ಶುರು ಮಾಡಲು ಒಳ್ಳೆಯದು, ವೇದವಾಕ್ಯವಲ್ಲ.

ಒಳಗಿನ ವ್ಯಾಸಕ್ಕೆ: ಒಂದು ಸಿಲಿಂಡರಿನ ಸಿಸಿಯನ್ನು (324.5), ಇಂಚಿನಲ್ಲಿರುವ ಉದ್ದಕ್ಕೆ 3 ಕೂಡಿಸಿ 25ರಿಂದ ಗುಣಿಸಿದ ಸಂಖ್ಯೆಯಿಂದ ಭಾಗಿಸಿ. ವರ್ಗಮೂಲ ತೆಗೆದು 2.1ರಿಂದ ಗುಣಿಸಿ. 1.35 ಇಂಚು, 34 ಮಿ.ಮೀ. ಚಿಲ್ಲರೆ ಬರುತ್ತದೆ. 1.6 ಮಿ.ಮೀ. ಗೋಡೆಯ ಒಂದೂವರೆ ಇಂಚಿನ ಪೈಪ್ ತಂದರೆ ಒಳಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನೋಡಿ, ಎರಡು ಇಂಚಿನ ಪೈಪಿನ ಮಾತೇ ಬರಲಿಲ್ಲ.

ನಾಲ್ಕು ಸಿಲಿಂಡರಿನ ನಾಲ್ಕು ಪೈಪನ್ನೂ ಒಂದೇ ಕಡೆ ಸೇರಿಸಬೇಕೋ, ಎರಡೆರಡಾಗಿ ಸೇರಿಸಿ ಆಮೇಲೆ ಒಂದು ಮಾಡಬೇಕೋ? ರೇಸ್ ಟ್ರ್ಯಾಕಿನಲ್ಲಿ ಸದಾ ಮೇಲಿನ ಆರ್‌ಪಿಎಂನಲ್ಲೇ ಓಡಿಸುವವರಿಗೆ ಮೊದಲನೆಯದು. ರ‍್ಯಾಲಿಯ ಕಲ್ಲುಮಣ್ಣಿಗೆ, ಘಾಟಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಅದರಲ್ಲಿ ಮೊದಲ ಪೈಪ್ 15 ಇಂಚು, ಲೆಕ್ಕದ ಉದ್ದದಲ್ಲಿ ಉಳಿದದ್ದು ಎರಡನೆಯದಕ್ಕೆ. ಜೋಡಿ ಮಾತ್ರ ತಪ್ಪಬಾರದು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2 ಆಗಿದ್ದರೆ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಆಗ ಒಂದೇ ಪೈಪಿಗೆ ಬರುವ ಎರಡು ಅಲೆಗಳ ನಡುವೆ ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿರುತ್ತದೆ.

ಈಗ ಬಾನೆಟ್ ಎತ್ತಿ. ಸ್ಟೀರಿಂಗ್ ಶಾಫ್ಟ್, ಸ್ಟಾರ್ಟರ್, ವೈರಿಂಗ್ ಎಲ್ಲ ತಪ್ಪಿಸಿ ದಾರಿ ಹುಡುಕಬೇಕು. ದಪ್ಪ ತಂತಿ ಬಗ್ಗಿಸಿ ನಾಲ್ಕೂ ದಾರಿಯ ಅಚ್ಚು ಮಾಡಿಕೊಳ್ಳಿ. ಪೈಪಿನ ನಡುಗೆರೆಯಲ್ಲೇ ಉದ್ದ ಅಳೆಯಿರಿ. ನಾಲ್ಕೂ ಸಮ ಇದ್ದರೆ ಚೆಂದ, ಆದರೆ ಒಂದು ಇಂಚಿನ ವ್ಯತ್ಯಾಸ ಸರಿಮಾಡಲು ಎರಡು ಬೆಂಡ್ ಜಾಸ್ತಿ ಹಾಕಬೇಡಿ.

ಬೆಂಡ್ ಒಳಗೆ ಚಪ್ಪಟೆಯಾಗಿರಬಾರದು. ಒಳಗೆ ಅಚ್ಚು ಇಟ್ಟು ಬಗ್ಗಿಸುವ ಮ್ಯಾಂಡ್ರೆಲ್ ಬೆಂಡ್ ಕೇಳಿ. ಇಂಜಿನ್ನಿನಿಂದ ಅನಿಲ ಹೊರಬರುವ ಪೋರ್ಟಿನ ಬಾಯಿಗಿಂತ ಪೈಪಿನ ಬಾಯಿ ಕೂದಲೆಳೆ ದೊಡ್ಡದಿದ್ದರೆ ನಡೆಯುತ್ತದೆ, ಚಿಕ್ಕದಿದ್ದರೆ ಅನಿಲ ಅಂಚಿಗೆ ಬಡಿಯುತ್ತದೆ. ಪೈಪುಗಳನ್ನು ಇಂಜಿನ್ನಿಗೆ ಬೋಲ್ಟ್ ಮಾಡುವ ಪಟ್ಟಿ, ಅಂದರೆ ಫ್ಲಾಂಜ್, 8–10 ಮಿ.ಮೀ. ದಪ್ಪ ಇರಲಿ. ಗಾಡಿಯ ಮೇಲೆಯೇ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ ಬಿಚ್ಚಿ. ಪೂರ್ತಿ ವೆಲ್ಡ್ ಮಾಡುವಾಗ ಫ್ಲಾಂಜನ್ನು ಹಳೆಯ ಸಿಲಿಂಡರ್ ಹೆಡ್ಡಿಗೋ ದಪ್ಪ ಪ್ಲೇಟಿಗೋ ಬೋಲ್ಟ್ ಮಾಡಿರಿ. ಇಲ್ಲದಿದ್ದರೆ ಅದು ಬಾಳೆಹಣ್ಣಿನ ಹಾಗೆ ಸೊಟ್ಟಗಾಗಿ ಗ್ಯಾಸ್ಕೆಟ್ ಕೂರುವುದೇ ಇಲ್ಲ.

ಕಾರ್ಖಾನೆ ಕೊಟ್ಟ ವಿವರಕ್ಕೆ ಹೊರತಾದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಊರೊಳಗೆ ಓಡಾಡುವ ಆಸೆ ಬಿಡಿ. ಇದು ಸ್ಪರ್ಧೆಯ ಗಾಡಿಯ ಕೆಲಸ.

ಫಿಟ್ ಮಾಡಿ, ಒಮ್ಮೆ ಕಾಯಿಸಿ, ತಣ್ಣಗಾದ ಮೇಲೆ ಬೋಲ್ಟ್ ಮತ್ತೆ ಬಿಗಿ ಮಾಡಿ. ಇಂಜಿನ್ ಈಗ ಜಾಸ್ತಿ ಗಾಳಿ ಎಳೆಯುತ್ತದೆ. ಜೋರಾಗಿ ಓಡಿಸುವ ಮುಂಚೆ ಪೆಟ್ರೋಲಿನ ಪ್ರಮಾಣವನ್ನೂ ಟ್ಯೂನ್ ಮಾಡಿಸಿ.