ಪುಕ್ಕಟೆ ಕಂಪೈಲರ್‌ನಲ್ಲೇ ಕೆಲಸ ಮುಗಿಸಿದೆ: ನನ್ನ ಅನುಭವ

"ಪಾಸ್ಕಲ್ಲಾ? ಅದಿನ್ನೂ ಬದುಕಿದ್ಯಾ?" ಅಂತ ನಕ್ಕಿದ್ದ ಗೆಳೆಯನ ಆಫೀಸಲ್ಲೇ ಈಗ ಆ ಹಳೇ ಪ್ರೋಗ್ರಾಮಿಂಗ್ ಭಾಷೆಲಿ ಬರೆದ ನನ್ನ ಸ್ಟಾಕ್ ಲೆಕ್ಕದ ಪ್ರೋಗ್ರಾಮ್ ಓಡ್ತಿದೆ. ಅದಕ್ಕೇ ಇದನ್ನ ಬರೀತಿದೀನಿ.

ಶುರುವಲ್ಲಿ ಒಂದು ಪೇಯ್ಡ್ ಟೂಲ್‌ಗೆ ಎರಡು ವರ್ಷ ಲೈಸೆನ್ಸ್ ಕಟ್ಟಿದೆ, ಮೊದಲ ಕಸ್ಟಮರ್ ಕೊಟ್ಟಿದ್ರಲ್ಲಿ ಹತ್ತತ್ರ ಮುಕ್ಕಾಲು ಪಾಲು ಅದಕ್ಕೇ ಹೋಯ್ತು, ಮೂರನೇ ವರ್ಷ ರಿನೀವಲ್ ಮೇಲ್ ಬಂದಾಗ ಸಾಕಪ್ಪಾ ಅನಿಸ್ತು.

ಆಮೇಲೆ ಹಿಡಿದಿದ್ದು ಮಿನ್‌ಜಿಡಬ್ಲ್ಯು, ಸಿ++ ಕೋಡನ್ನ ವಿಂಡೋಸ್‌ನಲ್ಲಿ ಓಡೋ ಪ್ರೋಗ್ರಾಮ್ ಮಾಡಿಕೊಡೋ ಪುಕ್ಕಟೆ ಕಂಪೈಲರ್. ನನ್ನ ಮೆಷಿನ್‌ನಲ್ಲಿ ಸಲೀಸಾಗಿ ಓಡಿದ್ದು ಕಸ್ಟಮರ್ ಹತ್ರ ಹೋದ್ರೆ ಲಿಬ್‌ಎಸ್‌ಟಿಡಿಸಿ++-6 ಡಿಎಲ್‌ಎಲ್ (ಪ್ರೋಗ್ರಾಮ್ ಓಡೋಕೆ ಜೊತೆಗಿರಬೇಕಾದ ಫೈಲು) ಇಲ್ಲ ಅಂತ ಮೆಸೇಜು. ಅದನ್ನ ಕಳಿಸಿದ್ರೆ ಇನ್ನೊಂದು ಕೇಳ್ತು, ಅದನ್ನೂ ಕಳಿಸಿದ್ರೆ ಮತ್ತೊಂದು. ತುಣುಕು ಜೋಡಿಸೋ ಲಿಂಕರ್‌ಗೆ ಸ್ಟ್ಯಾಟಿಕ್, ಅಂದ್ರೆ ಎಲ್ಲಾ ಒಳಗೇ ಸೇರಿಸು, ಅಂತ ಒಂದೇ ಒಂದು ಸ್ವಿಚ್ ಕೊಟ್ಟಿದ್ರೆ ಮುಗೀತಿತ್ತು, ಅದು ಹೊಳೆಯೋಕೆ ನಾಲ್ಕೈದು ದಿನ ಬೇಕಾಯ್ತು! ವಿಂಡೋ, ಬಟನ್ ಕಟ್ಟೋ ಲೈಬ್ರರಿ ಕ್ಯೂಟಿನೂ ನೋಡಿದೆ. ಡೈನಾಮಿಕ್ ಲಿಂಕ್ ಮಾಡಿದ್ರೆ ಡಿಎಲ್‌ಎಲ್ ರಾಶಿ, ಸ್ಟ್ಯಾಟಿಕ್ ಮಾಡಿದ್ರೆ ಅದರ ಎಲ್‌ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್ ಪ್ರಕಾರ ಬಳಸೋರು ಮತ್ತೆ ಲಿಂಕ್ ಮಾಡ್ಕೊಳ್ಳೋಕೆ ನನ್ನ ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ತುಣುಕು) ಕೊಡ್ಬೇಕು, ನನಗ್ಯಾಕೆ ಆ ಉಸಾಬರಿ.

ಕೊನೆಗೆ ಲಜಾರಸ್ ಅನ್ನೋ ಪುಕ್ಕಟೆ ಟೂಲ್, ಅಡಿಯಲ್ಲಿ ಫ್ರೀ ಪಾಸ್ಕಲ್ ಕಂಪೈಲರ್. ಇದರ ಎಲ್‌ಸಿಎಲ್ ಲೈಬ್ರರಿ ಕೂಡ ಎಲ್‌ಜಿಪಿಎಲ್ಲೇ, ಆದ್ರೆ ಸ್ಟ್ಯಾಟಿಕ್ ಲಿಂಕ್‌ಗೆ ವಿನಾಯಿತಿ ಬರೆದೇ ಕೊಟ್ಟಿದಾರೆ, ನನಗೆ ಬೇಕಿದ್ದಿದ್ದೇ ಅದು. ಮೊದಲ ಖಾಲಿ ಫಾರ್ಮ್ ಬಿಲ್ಡ್ ಮಾಡಿದಾಗ ಎಕ್ಸೆ 20 ಎಂಬಿ ದಾಟಿತ್ತು, ಗೆಳೆಯ ಮತ್ತೆ ನಕ್ಕ. ಎಲ್ಲಾ ತಪ್ಪು ಹುಡುಕೋಕೆ ಸೇರಿಸೋ ಡೀಬಗ್ ಕಸ ಅಷ್ಟೇ, ಎಕ್ಸ್‌ಎಸ್ ಸ್ವಿಚ್ ಹಾಕಿದ್ಮೇಲೆ ಎರಡೋ ಮೂರೋ ಎಂಬಿಗೆ ಇಳೀತು.

ಅಷ್ಟಕ್ಕೇ ಸುಮ್ಮನಿರ್ದೆ ಎಕ್ಸೆ ಕುಗ್ಗಿಸೋ ಯುಪಿಎಕ್ಸ್‌ನಲ್ಲಿ ಇನ್ನೂ ಹಿಂಡಿದೆ, ಒಂದು ಎಂಬಿ ಒಳಗೆ ಬಂತು, ಖುಷಿಯಾಗಿ ಕಳಿಸಿದ್ರೆ ಆಂಟಿವೈರಸ್ ವೈರಸ್ ಅಂತ ಎತ್ತಿ ಬಿಸಾಕ್ತು. ಬಿಟ್ಟೆ. ಒಂದು ಭಾನುವಾರ ಟಿಸಿಸಿ ಅನ್ನೋ ಪುಟ್ಟ ಸಿ ಕಂಪೈಲರ್ ಜೊತೆನೂ ಆಡಿದೆ, ಎಂಟರ್ ಒತ್ತಿ ಬೆರಳು ಎತ್ತೋದ್ರೊಳಗೆ ಕಂಪೈಲ್ ಮುಗಿದಿರುತ್ತೆ, ಬರೀ ಸಿ ಬರೆಯೋರಿಗೆ ಮಜಾ, ನನ್ನ ಕೆಲಸಕ್ಕೆ ಬರ್ಲಿಲ್ಲ.

ಡೇಟಾಗೆ ಎಸ್‌ಕ್ಯೂಲೈಟ್ ಡೇಟಾಬೇಸ್. 64 ಬಿಟ್ ಎಕ್ಸೆ ಪಕ್ಕದಲ್ಲಿ 32 ಬಿಟ್ ಡಿಎಲ್‌ಎಲ್ ಇಟ್ಕೊಂಡು ಯಾಕೆ ಲೋಡ್ ಆಗ್ತಿಲ್ಲ ಅಂತ ಅರ್ಧ ದಿನ ಕೋಡ್ ಹುಡುಕಿದ ಜಾಣ ನಾನು, ಎರಡೂ ಒಂದೇ ಬಿಟ್‌ದಾಗಿರಬೇಕಿತ್ತು. ಈಗ ಅದನ್ನೂ ಎಕ್ಸೆ ಒಳಗೇ ಸೇರಿಸಿಬಿಟ್ಟಿದೀನಿ, ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಇನ್‌ಸ್ಟಾಲರ್ ಮಾಡೋ ಟೂಲ್ ಇನ್ನೋ ಸೆಟಪ್‌ನಲ್ಲಿ ಕಟ್ಟಿದ್ರೆ ಇನ್‌ಸ್ಟಾಲರ್ ಎಲ್ಲಾ ಸೇರಿ ನಾಲ್ಕು ಎಂಬಿ ಚಿಲ್ಲರೆ. ಪ್ರೋಗ್ರಾಮ್ ಯಾರದು ಅಂತ ತೋರಿಸೋ ಸೈನಿಂಗ್ ಸರ್ಟಿಫಿಕೇಟ್‌ಗೆ ಮಾತ್ರ ಇನ್ನೂ ದುಡ್ಡು ಹಾಕಿಲ್ಲ, ಹಾಗಾಗಿ ವಿಂಡೋಸ್ ನೀಲಿ ಡಬ್ಬಿ ತೋರಿಸಿ ಹೆದರಿಸುತ್ತೆ, ಫೋನ್ ಬಂದಾಗೆಲ್ಲ "ಮೋರ್ ಇನ್ಫೋ ಒತ್ತಿ ಸಾರ್" ಅಂತ ನಾನೇ ಹೇಳ್ತೀನಿ.