ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಬಿಡುವಾಗ ಡೆಪಾಸಿಟ್ ಜಗಳ

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೂ ಸುಮ್ಮನಿದ್ದು ಅಭ್ಯಾಸವಾದವರು ನಾವು. ಇಲ್ಲಿಗೆ ಬಂದ ಮೇಲೂ ಅದೇ ಧೋರಣೆ. ಏಜೆಂಟ್ "ಕ್ಲೀನಿಂಗ್ 180 ಪೌಂಡ್, ಕಾರ್ಪೆಟ್ 500 ಪೌಂಡ್" ಅಂತ ಇಮೇಲ್ ಹಾಕಿದರೆ, ಹಾಳಾಗಿ ಹೋಗಲಿ ಅಂತ ಒಪ್ಪಿಗೆ ಕಳಿಸಿಬಿಡುತ್ತೇವೆ. ಕಳಿಸುವ ಮುಂಚೆ ಸ್ವಲ್ಪ ತಡೆಯಿರಿ. (ನಾನು ಹೇಳುತ್ತಿರುವುದು ಇಂಗ್ಲೆಂಡಿನ ನಿಯಮ, ಸ್ಕಾಟ್ಲೆಂಡಿನ ಕಾನೂನೇ ಬೇರೆ.)

2019ರ ಟೆನೆಂಟ್ ಫೀಸ್ ಆಕ್ಟ್ ಪ್ರಕಾರ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಡೆಪಾಸಿಟ್ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ತಿಂಗಳಿಗೆ 1,300 ಅಂದರೆ (ವರ್ಷದ ಬಾಡಿಗೆಯನ್ನು 52 ವಾರಕ್ಕೆ ಹಂಚಿದರೆ) ವಾರಕ್ಕೆ 300, ಡೆಪಾಸಿಟ್ ಹೆಚ್ಚೆಂದರೆ 1,500. ಹಣ ಪಡೆದ 30 ದಿನದೊಳಗೆ ಓನರ್ ಅದನ್ನು ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್ ಈ ಮೂರು ಡೆಪಾಸಿಟ್ ರಕ್ಷಣಾ ಸ್ಕೀಮುಗಳಲ್ಲೊಂದರಲ್ಲಿ ನೋಂದಾಯಿಸಿ ನಿಮಗೆ ವಿವರ ಕೊಡಬೇಕು. ಮಾಡದಿದ್ದರೆ ಕೋರ್ಟು ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ಹಣವನ್ನು ದಂಡವಾಗಿ ನಿಮಗೆ ಕೊಡಿಸಬಹುದು. ಒಂದು ಎಚ್ಚರಿಕೆ: ಓನರ್ ತಾವೂ ವಾಸವಿರುವ ಮನೆಯಲ್ಲಿ ನೀವು ಒಂದು ರೂಮು ಹಿಡಿದಿದ್ದರೆ ಈ ಸ್ಕೀಮಿನ ರಕ್ಷಣೆ ಇಲ್ಲ. ನಮ್ಮವರ ಮನೆಯೇ ಆದರೂ ಎಷ್ಟು ಕೊಟ್ಟಿರಿ, ಯಾವಾಗ ವಾಪಸ್ ಅನ್ನುವುದನ್ನು ಬರೆಸಿಕೊಳ್ಳಿ. ಸಂಕೋಚ ಬೇಡ.

ಜಗಳ ಬಂದರೆ ಸ್ಕೀಮಿನವರೇ ಉಚಿತವಾಗಿ ತೀರ್ಮಾನ ಮಾಡುತ್ತಾರೆ. ಇಬ್ಬರೂ ಒಪ್ಪಿದರೆ ಮಾತ್ರ ಕೇಸು ಅಲ್ಲಿಗೆ ಹೋಗುತ್ತದೆ, ಒಬ್ಬರು ಒಲ್ಲೆ ಎಂದರೆ ಉಳಿಯುವುದು ಕೌಂಟಿ ಕೋರ್ಟು. ಸ್ಕೀಮಿನಲ್ಲಿ ತೀರ್ಪು ಕೊಡುವವರು ಮನೆ ನೋಡಲು ಬರುವುದಿಲ್ಲ, ನಿಮ್ಮನ್ನು ಕೂರಿಸಿಕೊಂಡು ಕೇಳುವುದೂ ಇಲ್ಲ. ಎರಡೂ ಕಡೆಯ ಕಾಗದ, ಫೋಟೋ ಓದುತ್ತಾರೆ, ಅಷ್ಟೇ. ಹಣ ಬಾಡಿಗೆದಾರನದು, ಕಡಿತಕ್ಕೆ ಕಾರಣ ಸಾಬೀತು ಮಾಡಬೇಕಾದವನು ಓನರ್ ಅನ್ನುವುದು ಅವರ ಮೂಲ ಲೆಕ್ಕ. ಆದ್ದರಿಂದ ಗೆಲುವು ಸೋಲು ಬಹುಪಾಲು ನೀವು ಮನೆಗೆ ಕಾಲಿಟ್ಟ ದಿನವೇ ನಿರ್ಧಾರವಾಗಿರುತ್ತದೆ. ಏಜೆಂಟ್ ಕೊಡುವ ಇನ್‌ವೆಂಟರಿಯನ್ನು (ಮನೆಯಲ್ಲಿ ಏನೇನಿದೆ, ಯಾವ ಸ್ಥಿತಿಯಲ್ಲಿದೆ ಅನ್ನುವ ಪಟ್ಟಿ) ಓದದೆ ಸಹಿ ಹಾಕಬೇಡಿ. ಓವನ್ ಒಳಗೆ, ಹಾಸಿಗೆಯ ಅಡಿಭಾಗ, ಬಾತ್‌ರೂಮ್ ಸೀಲಿಂಗಿನ ಬೂಷ್ಟು, ಒಲೆಯ ಮೇಲಿನ ಎಕ್ಸ್‌ಟ್ರಾಕ್ಟರ್ ಫ್ಯಾನಿನ ಜಾಲರಿ ಎಲ್ಲದರ ಫೋಟೋ ತೆಗೆದು ಅವತ್ತೇ ಏಜೆಂಟಿಗೆ ಇಮೇಲ್ ಮಾಡಿ. ದಿನಾ ಒಗ್ಗರಣೆ ಹಾಕುವವರಿಗೆ ಆ ಜಾಲರಿಯೇ ದೊಡ್ಡ ಶತ್ರು. ಅಡುಗೆಕಟ್ಟೆಯ ಮೇಲೆ ಬಿದ್ದ ಅರಿಶಿನದ ಕಲೆಯೂ ಅಷ್ಟೇ. ಆದರೆ ಅಂಗೈಯಗಲದ ಕಲೆಗೆ ಇಡೀ ಕಟ್ಟೆ ಬದಲಾಯಿಸಿದ ಖರ್ಚನ್ನು ನಿಮ್ಮ ತಲೆಗೆ ಕಟ್ಟಲು ಬರುವುದಿಲ್ಲ.

ಕಾರ್ಪೆಟ್ ವಿಷಯಕ್ಕೆ ಬನ್ನಿ. ದಿನಬಳಕೆಯ ಸವೆತಕ್ಕೆ ದುಡ್ಡು ಕೇಳುವಂತಿಲ್ಲ. ನಿಜವಾಗಿಯೂ ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟಿದ್ದರೂ ಹಳೆಯದಕ್ಕೆ ಹೊಸದರ ಬೆಲೆ ಇಲ್ಲ. 500 ಪೌಂಡಿನ, ಹತ್ತು ವರ್ಷ ಬಾಳಬೇಕಾದ ಕಾರ್ಪೆಟ್‌ಗೆ ಆರು ವರ್ಷ ಆಗಿದ್ದರೆ ಉಳಿದಿರುವುದು ನಾಲ್ಕು ವರ್ಷ, ಅಂದರೆ 200 ಪೌಂಡು. ಕೊಂಡ ರಸೀತಿ ತೋರಿಸಿ ಅಂತ ಕೇಳಿ, ಎಷ್ಟೋ ಸಲ ಅಲ್ಲಿಗೇ ಮಾತು ತಣ್ಣಗಾಗುತ್ತದೆ. ಕ್ಲೀನಿಂಗ್ ಕಂಪನಿಯವರನ್ನೇ ಕರೆಸಬೇಕು ಅಂತ ಕಡ್ಡಾಯ ಮಾಡುವಂತಿಲ್ಲ. ಬಂದಾಗ ಇದ್ದಷ್ಟು ಚೊಕ್ಕವಾಗಿ ಬಿಟ್ಟರೆ ಸಾಕು, ನೀವೇ ಉಜ್ಜಿದರೂ ಆಯಿತು.

ಉತ್ತರ ಬರೆಯುವಾಗ ಒಂದೊಂದು ಬಾಬ್ತಿಗೂ ಬೇರೆ ಬೇರೆ ಬರೆಯಿರಿ: ಇದನ್ನು ಒಪ್ಪುತ್ತೇನೆ, ಇದನ್ನು ಒಪ್ಪುವುದಿಲ್ಲ, ಕಾರಣ ಇದು. ತಕರಾರಿಲ್ಲದ ಹಣವನ್ನು ತಡೆಹಿಡಿಯಬೇಡಿ ಅಂತಲೂ ಸೇರಿಸಿ. ಫೋನಿನಲ್ಲಿ ಆಡಿದ ಮಾತನ್ನು ಆಮೇಲೆ ಇಮೇಲಿನಲ್ಲಿ ಹಾಕಿ. ಹೇಗೂ ಡೆಪಾಸಿಟ್ ಬರಲ್ಲ, ಕೊನೇ ತಿಂಗಳ ಬಾಡಿಗೆ ಕೊಡಬೇಡ ಅಂತ ಹೇಳಿಕೊಡುವ ಗೆಳೆಯರು ಇರುತ್ತಾರೆ. ಕೇಳಬೇಡಿ. ಅದು ಬಾಕಿ ಅಂತಲೇ ದಾಖಲಾಗುತ್ತದೆ, ಮುಂದಿನ ಮನೆಗೆ ಇದೇ ಓನರ್ ಹತ್ತಿರ ರೆಫರೆನ್ಸ್ ಕೇಳಬೇಕಲ್ಲ.

ಇನ್ನು ಎರಡನೇ ಮನೆ ಕೊಂಡು ಬಾಡಿಗೆಗೆ ಬಿಡುವ ನಮ್ಮವರಿಗೂ ಇದೇ ನಿಯಮ ತಿರುಗಿ ಬೀಳುತ್ತದೆ. ಸಹಿಯಿಲ್ಲದ ಇನ್‌ವೆಂಟರಿ, ದಿನಾಂಕವಿಲ್ಲದ ಫೋಟೋ ಇಟ್ಟುಕೊಂಡು ವಾದಕ್ಕೆ ಹೋದರೆ ನ್ಯಾಯ ನಿಮ್ಮ ಕಡೆಗಿದ್ದರೂ ಸೋಲುತ್ತೀರಿ. ಊರಿನವರು, ಪರಿಚಯದವರು ಅಂತ ಡೆಪಾಸಿಟ್ಟನ್ನು ನೇರ ಖಾತೆಗೆ ಹಾಕಿಸಿಕೊಂಡು ನೋಂದಣಿ ಮರೆತರೆ, ಮೂರು ಪಟ್ಟಿನ ದಂಡಕ್ಕೆ ಪರಿಚಯ ಅಡ್ಡ ಬರುವುದಿಲ್ಲ.